ಮೂಸಿ ನೋಡಿ ಹಿಂದೆ ಸರಿಯುವ ಬೆಕ್ಕಿಗೆ: ಹಸಿವಿನ ಮಾತ್ರೆ, ಟಿನ್ನು, ಟ್ಯೂಬುಗಳಲ್ಲಿ ದುಡ್ಡಿಗೆ ತಕ್ಕದ್ದು ಯಾವುದು?

ದಿನಕ್ಕೆ ಎರಡು ಹೊತ್ತು ಇನ್ಸುಲಿನ್ ತೆಗೆದುಕೊಳ್ಳುವ ಹದಿಮೂರು ಹದಿನಾಲ್ಕು ವರ್ಷದ ಬೆಕ್ಕು ಇದ್ದಕ್ಕಿದ್ದಂತೆ ತಟ್ಟೆ ಮೂಸಿ ಮುಖ ತಿರುಗಿಸಿತೆನ್ನಿ. ಪೆಟ್ ಶಾಪಿನವರು ಕ್ರೀಮಿ ಟ್ಯೂಬು, ಎನರ್ಜಿ ಜೆಲ್, ಟಾನಿಕ್ಕು, ದುಬಾರಿ ಟಿನ್ನು ಎಲ್ಲವನ್ನೂ ಕೌಂಟರಿನ ಮೇಲೆ ಸಾಲಾಗಿ ಇಡುತ್ತಾರೆ. ಇವುಗಳಲ್ಲೂ ಮೆಡಿಕಲ್ ಶಾಪಿನ ಹಸಿವಿನ ಔಷಧಗಳಲ್ಲೂ ಸೇರಿ ಎರಡು ನಿಜಕ್ಕೂ ಕೆಲಸಕ್ಕೆ ಬರುತ್ತವೆ, ಒಂದೆರಡು ಸಂದರ್ಭ ನೋಡಿ ಬಳಸುವಂಥವು, ಇನ್ನು ಕೆಲವು ಸಕ್ಕರೆ ಕಾಯಿಲೆಯ ಬೆಕ್ಕಿಗೆ ಕೊಡಲೇಬಾರದಂಥವು. ತೀರ್ಪು ಮೊದಲೇ ಹೇಳುವುದಾದರೆ: ಔಷಧದಲ್ಲಿ ಮಿರ್ಟಾಜಪಿನ್ 7.5 ಮಿ.ಗ್ರಾಂ ಮಾತ್ರೆಯ ಕಾಲು ಭಾಗ, ಊಟದಲ್ಲಿ ಕಾಯಿಲೆಯಿಂದ ಚೇತರಿಸಿಕೊಳ್ಳುವ ಬೆಕ್ಕಿಗೆಂದೇ ಮಾಡಿದ ರಿಕವರಿ ಟಿನ್ನು. ಆದರೆ ಇವೆರಡಕ್ಕಿಂತ ಮೊದಲು ಕೊಳ್ಳಬೇಕಾದದ್ದು ಪೆಟ್ ಶಾಪಿನಲ್ಲಿ ಸಿಗುವುದಿಲ್ಲ. ಅದು ಮೆಡಿಕಲ್ ಶಾಪಿನಲ್ಲಿ ಸಿಗುವ, ಮೂತ್ರದಲ್ಲಿ ಕೀಟೋನ್ ನೋಡುವ ಪಟ್ಟಿ.

ಕಾರಣ ಇಷ್ಟೇ. ಇನ್ಸುಲಿನ್ ಸಾಲದೆ ದೇಹ ಕೊಬ್ಬನ್ನು ಉರಿಸತೊಡಗಿದಾಗ ಹುಟ್ಟುವ ಆಮ್ಲವೇ ಕೀಟೋನ್. ಸಕ್ಕರೆ ಕಾಯಿಲೆ ಇರುವ ಬೆಕ್ಕಿಗೆ ಹಸಿವಿಲ್ಲದಿರುವುದು ಹಲವು ಸಲ ಕೀಟೋನ್ ಏರಿದ್ದರ ಮೊದಲ ಸುಳಿವು. ಮೂತ್ರ ಹಿಡಿಯಲು, ಬೆಕ್ಕು ಮೂತ್ರ ಮಾಡುವ ಡಬ್ಬಿಯ ಮರಳಿನ ಬದಲು ಒಂದು ಹೊತ್ತು ತೊಳೆದ ಅಕ್ವೇರಿಯಂ ಕಲ್ಲು ಹಾಕಿದರೆ ಮೂತ್ರ ಹೀರದೆ ತಳದಲ್ಲಿ ನಿಲ್ಲುತ್ತದೆ. ಬೆಕ್ಕು ಕೂತಾಗ ಹಿಂದಿನಿಂದ ಸೌಟು ಚಾಚುವುದೂ ನಡೆಯುತ್ತದೆ. ಪಟ್ಟಿ ಅದ್ದಿ, ಪಟ್ಟಿಯ ಡಬ್ಬದ ಮೇಲೆ ಹೇಳಿದಷ್ಟೇ ಸೆಕೆಂಡು ಕಾದು ಬಣ್ಣ ನೋಡಿ. ಕೀಟೋನ್‌ಗೆ ಅದು ಸಾಮಾನ್ಯವಾಗಿ 15 ಸೆಕೆಂಡು. ಒಂದು ನಿಮಿಷ ಬಿಟ್ಟು ನೋಡಿದರೆ ಬಣ್ಣ ತಾನಾಗಿಯೇ ಗಾಢವಾಗಿ ಸುಮ್ಮನೆ ಗಾಬರಿಯಾಗುತ್ತದೆ. ಕೀಟೋನ್ ಇದೆ ಎಂದು ಹೇಳುವ ನೇರಳೆ ಬಣ್ಣದ ಜೊತೆಗೆ ವಾಂತಿ, ಮಂಕು, ಉಗುರಿನ ಬಣ್ಣ ಅಳಿಸುವ ದ್ರಾವಣದಂಥ ಬಾಯಿ ವಾಸನೆ ಇದ್ದರೆ ಈ ಬರಹವನ್ನು ಇಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೊರಡಿ. ಆ ಸ್ಥಿತಿಯಲ್ಲಿ ಬೇಕಾದದ್ದು ಡ್ರಿಪ್ಪು, ಪೊಟ್ಯಾಶಿಯಂ ಮತ್ತು ಗಂಟೆಗಂಟೆಗೂ ನೋಡಿ ಕೊಡುವ ಇನ್ಸುಲಿನ್. ಹಸಿವಿನ ಮಾತ್ರೆ ಕೊಟ್ಟು ಕಾದರೆ ಕಳೆಯುವುದು ಸಮಯ ಮಾತ್ರ.

ಕೀಟೋನ್ ಇಲ್ಲ ಎಂದಾದರೆ ಮುಂದಿನ ಕೆಲಸ ಬೆಕ್ಕನ್ನು ಐದು ನಿಮಿಷ ಸುಮ್ಮನೆ ಕೂತು ನೋಡುವುದು. ಯಾವ ಸಾಮಾನಿಗೆ ದುಡ್ಡು ಹಾಕಬೇಕು ಎಂಬುದು ಅಲ್ಲೇ ತಿಳಿಯುತ್ತದೆ. ತಟ್ಟೆಯ ಹತ್ತಿರ ಬಂದು, ತುಟಿ ನೆಕ್ಕಿಕೊಂಡು, ಎಂಜಲು ನುಂಗಿ ದೂರ ಸರಿದರೆ ಅದು ವಾಕರಿಕೆ. ಓಡಿ ಬಂದು ಒಂದು ತುತ್ತು ಕಚ್ಚಿ, ತಲೆ ಕೊಡವಿ ಉಗುಳಿ, ಮುಂಗಾಲಿನಿಂದ ಬಾಯಿ ಉಜ್ಜಿಕೊಂಡರೆ ಹಲ್ಲು ಅಥವಾ ವಸಡಿನ ನೋವು. ಇಂಥ ಬೆಕ್ಕಿಗೆ ಹಸಿವು ಹೆಚ್ಚಿಸುವ ಔಷಧ ಕೊಡುವುದೆಂದರೆ ಹಿಂಸೆ ಕೊಟ್ಟಂತೆ. ಎರಡು ಮೂರು ದಿನದಿಂದ ಮಲ ಹೋಗಿಲ್ಲದಿದ್ದರೆ ಹೊಟ್ಟೆ ಕಟ್ಟಿದೆ. ಹಿಂಗಾಲಿನ ಹಿಮ್ಮಡಿ ನೆಲಕ್ಕೆ ತಾಗಿಸಿ ನಡೆಯುವ ಬೆಕ್ಕು ಕೆಲವೊಮ್ಮೆ ತಟ್ಟೆಯಿರುವ ಕಟ್ಟೆಗೆ ಹತ್ತಲಾಗದೆಯೇ ಹಸಿದಿರುತ್ತದೆ. ಅದು ಸಕ್ಕರೆಯಿಂದ ನರಕ್ಕೆ ಆದ ಪೆಟ್ಟು. ಇವೆಲ್ಲದರ ಹಿಂದೆ ಮೇದೋಜ್ಜೀರಕ ಗ್ರಂಥಿಯ ಊತ, ಮೂತ್ರಪಿಂಡದ ತೊಂದರೆ, ಮೂತ್ರದ ಸೋಂಕು ಇರಬಹುದು. ಮುದಿ ಸಕ್ಕರೆ ಬೆಕ್ಕುಗಳಲ್ಲಿ ಇವು ಒಂಟಿಯಾಗಿ ಬರುವುದು ಕಡಿಮೆ. ರಕ್ತ ಪರೀಕ್ಷೆಗೆ ಹಾಕಿದ ದುಡ್ಡು ಇಲ್ಲಿ ಯಾವ ಟಿನ್ನಿಗಿಂತಲೂ ಸಾರ್ಥಕ.

ಇನ್ನೊಂದು ಕಾರಣ ಫ್ರಿಜ್ಜಿನಲ್ಲೇ ಇರಬಹುದು. ಬೆಕ್ಕುಗಳಿಗೆ ಹೆಚ್ಚಾಗಿ ಬರೆಯುವ ಗ್ಲಾರ್ಜಿನ್ ಇನ್ಸುಲಿನ್ (ಲ್ಯಾಂಟಸ್, ಬೆಂಗಳೂರಿನ ಬಯೋಕಾನ್‌ನ ಬೇಸಲಾಗ್) ಬಿಸಿ ತಾಗಿದರೆ ಅಥವಾ ಹೆಪ್ಪುಗಟ್ಟಿದರೆ ನೋಡಲು ನೀರಿನಂತೆಯೇ ಇದ್ದು ಸತ್ವ ಕಳೆದುಕೊಂಡಿರುತ್ತದೆ. ಐಸ್ ಪ್ಯಾಕ್ ಇಲ್ಲದೆ ಮನೆಗೆ ಬಂದ ವೈಯಲ್ ಮೇಲೆ ನಂಬಿಕೆ ಇಡಬೇಡಿ. ಸಿರಿಂಜನ್ನೂ ಪರೀಕ್ಷಿಸಿ. ನಮ್ಮ ಮೆಡಿಕಲ್ ಶಾಪುಗಳಲ್ಲಿ ಯು-40 (ಮಿ.ಲೀ.ಗೆ 40 ಯೂನಿಟ್ಟಿನ ಇನ್ಸುಲಿನ್ ಅಳೆಯುವುದು) ಮತ್ತು ಯು-100 (ಮಿ.ಲೀ.ಗೆ 100 ಯೂನಿಟ್ಟಿನದು) ಎರಡೂ ಪಕ್ಕಪಕ್ಕದಲ್ಲಿ ಇರುತ್ತವೆ. ಸಾಮಾನ್ಯವಾಗಿ ಮೊದಲನೆಯದಕ್ಕೆ ಕೆಂಪು ಮುಚ್ಚಳ, ಎರಡನೆಯದಕ್ಕೆ ಕಿತ್ತಳೆ. ಗ್ಲಾರ್ಜಿನ್ ಮಿ.ಲೀ.ಗೆ 100 ಯೂನಿಟ್ಟಿನದು. ಅದನ್ನು ಯು-40 ಸಿರಿಂಜಿನಲ್ಲಿ ಅಳೆದರೆ ಎರಡು ಗೀಟಿಗೆ ಹೋಗುವುದು ಐದು ಯೂನಿಟ್. ಊಟ ಬಿಟ್ಟ ಬೆಕ್ಕಿಗೆ ಇದು ಪ್ರಾಣಕ್ಕೇ ಬರುತ್ತದೆ. ತಿನ್ನದ ದಿನ ಎಷ್ಟು ಇನ್ಸುಲಿನ್ ಎಂಬುದನ್ನು ಬೆಕ್ಕು ಚೆನ್ನಾಗಿರುವಾಗಲೇ ಡಾಕ್ಟರ ಕೈಯಲ್ಲಿ ಬರೆಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ಸಾಮಾನ್ಯವಾಗಿ ಬರೆಯುವ ಲೆಕ್ಕ: ಅರ್ಧಕ್ಕಿಂತ ಕಡಿಮೆ ತಿಂದರೆ ಅರ್ಧ ಡೋಸ್, ಏನೂ ತಿನ್ನದಿದ್ದರೆ ಅಥವಾ ವಾಂತಿಯಾದರೆ ಸಕ್ಕರೆ ನೋಡಿ, ಆ ಹೊತ್ತಿನ ಚುಚ್ಚುಮದ್ದು ತಡೆದು ಫೋನು. ಆದರೆ ತಿನ್ನುತ್ತಿಲ್ಲ ಎಂದು ದಿನಗಟ್ಟಲೆ ಇನ್ಸುಲಿನ್ ನಿಲ್ಲಿಸಿದರೆ ಕೀಟೋನ್‌ಗೆ ನೀವೇ ಬಾಗಿಲು ತೆರೆದಂತೆ. ಒಂದು ಹೊತ್ತು ತಪ್ಪಿದರೆ ಪರವಾಗಿಲ್ಲ, ಎರಡನೆಯ ಹೊತ್ತಿಗೆ ಡಾಕ್ಟರ ಮಾತು ಬೇಕೇ ಬೇಕು.

ಇನ್ನು ಔಷಧಗಳಿಗೆ ಬರೋಣ. ಮಿರ್ಟಾಜಪಿನ್ ಮನುಷ್ಯರ ಖಿನ್ನತೆಗೆ ಕೊಡುವ ಮಾತ್ರೆ. ಬೆಕ್ಕಿನಲ್ಲಿ ಅದು ಹಸಿವು ಹೆಚ್ಚಿಸುವುದರ ಜೊತೆಗೆ ವಾಕರಿಕೆಯನ್ನೂ ಸ್ವಲ್ಪ ತಗ್ಗಿಸುತ್ತದೆ, ಇಲ್ಲಿ ಮೊದಲ ಸ್ಥಾನ ಕೊಟ್ಟಿರುವುದು ಅದಕ್ಕೇ. ಒಂದು ಬೆಕ್ಕಿಗೆ ಸುಮಾರು 1.9 ಮಿ.ಗ್ರಾಂ ಸಾಕು, 7.5ರ ಮಾತ್ರೆಯನ್ನು ನಾಲ್ಕು ಮಾಡಿದರೆ ಸರಿಯಾಗಿ ಅಷ್ಟೇ ಬರುತ್ತದೆ. ಒಂದು ಡೋಸಿನ ಬೆಲೆ ಹೋಟೆಲಿನ ಚಹಾಕ್ಕಿಂತ ಕಡಿಮೆ. ಅಂಗಡಿಯಲ್ಲಿ 15ರ ಮಾತ್ರೆ ಮಾತ್ರ ಇದೆ ಎಂದರೆ ಬೇಡ ಅನ್ನಿ. ಅದನ್ನು ಎಂಟು ಭಾಗ ಮಾಡಹೊರಟರೆ ಮೂರು ತುಂಡು, ಉಳಿದದ್ದು ಪುಡಿ, ಯಾವುದರಲ್ಲಿ ಎಷ್ಟಿದೆಯೋ ದೇವರೇ ಬಲ್ಲ. ಮೂತ್ರಪಿಂಡ, ಪಿತ್ತಜನಕಾಂಗ ಸರಿಯಿರುವ ಬೆಕ್ಕಿಗೆ ದಿನಕ್ಕೊಮ್ಮೆ, ಅವು ಸೋತಿದ್ದರೆ ಎರಡು ದಿನಕ್ಕೊಮ್ಮೆ ಕೊಡುವುದು ರೂಢಿ, ಏಕೆಂದರೆ ಔಷಧ ದೇಹದಿಂದ ನಿಧಾನವಾಗಿ ಹೊರಹೋಗುತ್ತದೆ. ಮುದಿ ಬೆಕ್ಕುಗಳಲ್ಲಿ ಅನೇಕವು ಈ ಎರಡನೆಯ ಗುಂಪಿಗೇ ಸೇರುತ್ತವೆ.

ಹೆಚ್ಚು ಕೊಟ್ಟರೆ ಹೆಚ್ಚು ಹಸಿವಾಗುತ್ತದೆ ಎಂಬುದು ಈ ಮಾತ್ರೆಯ ಬಗ್ಗೆ ಇರುವ ದೊಡ್ಡ ತಪ್ಪು ತಿಳಿವಳಿಕೆ. ಅರ್ಧ ಮಾತ್ರೆ ಕೊಟ್ಟಾಗ ಹೆಚ್ಚುವುದು ಅಡ್ಡಪರಿಣಾಮ: ರಾತ್ರಿಯಿಡೀ ಅರಚುವುದು, ಮನೆ ತುಂಬ ಸುತ್ತುವುದು, ನಡುಕ, ಜೊಲ್ಲು. ಅದಕ್ಕೇ ಬೆಳಿಗ್ಗೆ ಕೊಡುವುದು ಮನೆಯವರ ನಿದ್ದೆಗೂ ಒಳ್ಳೆಯದು. ಕತ್ತರಿಸಿದ ತುಂಡು ಕಹಿ. ಹಾಗೇ ನಾಲಿಗೆಗೆ ತಾಗಿದರೆ ನೊರೆ ಬರುವಷ್ಟು ಜೊಲ್ಲು ಸುರಿಸುತ್ತದೆ. ಖಾಲಿ ಜೆಲಟಿನ್ ಕ್ಯಾಪ್ಸೂಲಿನಲ್ಲಿ ಹಾಕಿ, ನಾಲಿಗೆಯ ಬುಡಕ್ಕೆ ಇಟ್ಟು, ಹಿಂದೆಯೇ ಸಿರಿಂಜಿನಿಂದ ಮೂರರಿಂದ ಐದು ಮಿ.ಲೀ. ನೀರು ಕೊಡಿ. ಒಣ ಮಾತ್ರೆ ಅನ್ನನಾಳದಲ್ಲಿ ಅಂಟಿ ಕೂತರೆ ಅಲ್ಲಿ ಹುಣ್ಣಾಗುತ್ತದೆ, ನುಂಗುವುದೇ ನೋವಾಗಿ ಊಟ ಇನ್ನಷ್ಟು ದೂರ. ಊಟದಲ್ಲಿ ಬೆರೆಸುವ ಉಪಾಯ ಮಾತ್ರ ಬೇಡ. ಒಮ್ಮೆ ಕಹಿ ಸಿಕ್ಕ ಊಟವನ್ನು ಬೆಕ್ಕು ವಾರಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ನೋವಿಗೆ ಟ್ರಮಡಾಲ್ ಅಥವಾ ವರ್ತನೆಗೆ ಫ್ಲುಒಕ್ಸೆಟಿನ್ ನಡೆಯುತ್ತಿದ್ದರೆ ಡಾಕ್ಟರಿಗೆ ಹೇಳಿಯೇ ಶುರುಮಾಡಿ, ಸೆರೊಟೊನಿನ್ ಎಂಬ ಮಿದುಳಿನ ರಾಸಾಯನಿಕ ಅತಿಯಾಗುವ ಅಪಾಯವಿದೆ. ಚೀಟಿ ಇಲ್ಲದೆ ಕೊಡುವ ಮಾತ್ರೆ ಇದಲ್ಲ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದೇ ಔಷಧ ಕಿವಿಗೆ ಹಚ್ಚುವ ಮುಲಾಮಾಗಿ ಸಿಗುತ್ತದೆ. ಮಿರಾಟಾಜ್ ಎಂಬ ಹೆಸರಿನ ಈ ಟ್ಯೂಬಿಗೆ 2018ರಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಕೈಗವಸು ಹಾಕಿದ ಬೆರಳಿನ ಮೇಲೆ ಒಂದೂವರೆ ಇಂಚು ಉದ್ದದ ಎಳೆ ಹಿಂಡಿದರೆ 2 ಮಿ.ಗ್ರಾಂ. ಅದನ್ನು ಇವತ್ತು ಎಡಗಿವಿಯ ಒಳಬದಿಗೆ, ನಾಳೆ ಬಲಗಿವಿಗೆ ಸವರುತ್ತ ಹದಿನಾಲ್ಕು ದಿನ. ಹಚ್ಚಿದ ಮೇಲೆ ಎರಡು ಗಂಟೆ ಮಕ್ಕಳು ಮುಟ್ಟದಂತೆ ನೋಡಿಕೊಳ್ಳಬೇಕು. ಬಾಯಿ ಬಿಡಿಸಲು ಒಪ್ಪದ ಬೆಕ್ಕಿಗೆ ಇದು ವರ. ಕಿವಿ ಕೆಂಪಾಗುವುದು, ಹುರುಪೆಯೇಳುವುದು ಇದರ ಮಾಮೂಲಿ ದೂರು. ಸಕ್ಕರೆಗೆ ಕಿವಿಯಂಚಿನಿಂದಲೇ ರಕ್ತ ತೆಗೆಯುವವರು ಮುಲಾಮು ಹಚ್ಚಿದ ಕಿವಿಯನ್ನು ಒಂದು ದಿನ ಬಿಟ್ಟು ಇನ್ನೊಂದನ್ನು ಚುಚ್ಚಿ.

ಸೈಪ್ರೊಹೆಪ್ಟಡಿನ್ ನಮ್ಮಲ್ಲಿ ಮಕ್ಕಳ ಹಸಿವಿಗೆ ಎಂದು ಮನೆಮನೆಗೂ ಗೊತ್ತಿರುವ ಔಷಧ. ಬೆಕ್ಕಿಗೂ ಕೆಲಸ ಮಾಡುತ್ತದೆ, ಮಿರ್ಟಾಜಪಿನ್‌ನಷ್ಟು ಚುರುಕಾಗಿ ಅಲ್ಲ. ಒಂದರಿಂದ ಎರಡು ಮಿ.ಗ್ರಾಂ ಹನ್ನೆರಡು ಗಂಟೆಗೊಮ್ಮೆ ಕೊಡಬೇಕು, ಪರಿಣಾಮ ಕಾಣಲು ಒಂದೆರಡು ದಿನ ಬೇಕು. ಕೊಳ್ಳುವುದಾದರೆ 4 ಮಿ.ಗ್ರಾಂ ಮಾತ್ರೆ ಕೊಳ್ಳಿ, ಸಿರಪ್ ಬೇಡ. ಸಿರಪ್ಪಿನ ಮೈಯೇ ಸಕ್ಕರೆ ಪಾಕ. ತಮಾಷೆಯೆಂದರೆ ಬೆಕ್ಕಿಗೆ ಸಿಹಿ ಗೊತ್ತೇ ಆಗುವುದಿಲ್ಲ. ಸಿಹಿ ಗುರುತಿಸುವ ಜೀನ್ ಬೆಕ್ಕಿನ ಕುಲದಲ್ಲೇ ಕೆಟ್ಟುಹೋಗಿದೆ. ರುಚಿಯ ಲಾಭವಿಲ್ಲ, ಸಕ್ಕರೆಯ ನಷ್ಟ ಮಾತ್ರ ಉಂಟು. ಮಿರ್ಟಾಜಪಿನ್ ಜೊತೆ ಇದನ್ನು ಸೇರಿಸಿ ಕೊಡುವುದೂ ವ್ಯರ್ಥ. ಮಿರ್ಟಾಜಪಿನ್ ಹೆಚ್ಚಾದಾಗ ಅದನ್ನು ಇಳಿಸಲು ಕೊಡುವ ಔಷಧವೇ ಇದು.

ಪಟ್ಟಿಯಿಂದ ಹೊರಗಿಡಬೇಕಾದವು ಎರಡು. ಒಂದು, ಕ್ಯಾಪ್ರೊಮೊರೆಲಿನ್ (ಹೊರದೇಶದಲ್ಲಿ ಎಲೂರಾ). ಹಸಿವಿನ ಹಾರ್ಮೋನನ್ನು ಅನುಕರಿಸುವ ಈ ದ್ರವ ಮೂತ್ರಪಿಂಡದ ಕಾಯಿಲೆಯ ಬೆಕ್ಕುಗಳ ತೂಕ ಏರಿಸಲೆಂದು ಬಂದದ್ದು, ಒಳ್ಳೆಯ ಔಷಧವೇ. ಆದರೆ ಅದು ಬೆಳವಣಿಗೆಯ ಹಾರ್ಮೋನನ್ನೂ ಏರಿಸುತ್ತದೆ, ಅದರ ಬೆನ್ನಿಗೆ ರಕ್ತದ ಸಕ್ಕರೆಯೂ ಏರುತ್ತದೆ. ಇನ್ಸುಲಿನ್ ಎಷ್ಟು ಕೊಟ್ಟರೂ ಸಾಲದ ಬೆಕ್ಕುಗಳಲ್ಲಿ ಕೆಲವಕ್ಕೆ ಮೊದಲೇ ಆ ಹಾರ್ಮೋನಿನ ಅತಿಯಿರುತ್ತದೆ. ಅವುಗಳಿಗಂತೂ ಇದು ನಿಷಿದ್ಧ. ಎರಡು, ಸ್ಟಿರಾಯ್ಡ್. ಪ್ರೆಡ್ನಿಸೊಲೋನ್ ಕೊಟ್ಟರೆ ಬೆಕ್ಕು ಸಂಜೆಯೊಳಗೆ ತಟ್ಟೆ ನೆಕ್ಕುತ್ತದೆ ನಿಜ, ವಾರದೊಳಗೆ ಸಕ್ಕರೆ ಕೈತಪ್ಪುತ್ತದೆ. ಕರುಳಿನ ಊತಕ್ಕೆ ಅನಿವಾರ್ಯವಾಗಿ ಕೊಡುವುದು ಬೇರೆ ಮಾತು, ಹಸಿವಿಗೆಂದೇ ಕೊಡುವುದು ಬೇಡ. ಹೊರದೇಶದಲ್ಲಿ ಇನ್ಸುಲಿನ್ ಬದಲು ಬೆಕ್ಸಾಕ್ಯಾಟ್ ಮಾತ್ರೆ ಅಥವಾ ಸೆನ್ವೆಲ್ಗೊ ದ್ರವ ಕೊಡುತ್ತಿರುವವರಿಗೆ ಒಂದು ಮಾತು: ಆ ಔಷಧದಲ್ಲಿರುವ ಬೆಕ್ಕು ಊಟ ಬಿಟ್ಟರೆ ಗ್ಲೂಕೋಮೀಟರ್ ಮಾಮೂಲಿ ಅಂಕಿ ತೋರಿಸುತ್ತಿರುವಾಗಲೇ ಕೀಟೋನ್ ಏರುತ್ತಿರಬಹುದು. ಔಷಧ ತಡೆದು ಅದೇ ದಿನ ಡಾಕ್ಟರನ್ನು ಕಾಣಬೇಕು.

ವಾಕರಿಕೆಯ ಬೆಕ್ಕಿಗೆ ಹಸಿವಿನ ಮಾತ್ರೆಗಿಂತ ವಾಕರಿಕೆ ತಡೆಯುವ ಮರೋಪಿಟಂಟ್ ಅಥವಾ ಒಂಡಾನ್ಸೆಟ್ರಾನ್ ಮೊದಲು. ಮರೋಪಿಟಂಟ್ ಚುಚ್ಚುಮದ್ದು ಉರಿಯುತ್ತದೆ. ಫ್ರಿಜ್ಜಿನಿಂದ ತೆಗೆದ ತಣ್ಣನೆಯದನ್ನೇ ಚುಚ್ಚಿದರೆ ಉರಿ ಕಡಿಮೆ. ರಕ್ತದಲ್ಲಿ ವಿಟಮಿನ್ ಬಿ12 ಇಳಿದಿದ್ದರೆ ವಾರಕ್ಕೊಂದರಂತೆ ಆರು ವಾರ 250 ಮೈಕ್ರೊಗ್ರಾಂ ಚರ್ಮದಡಿಗೆ ಕೊಡುವುದು ವಾಡಿಕೆ. ಅಗ್ಗದ ಔಷಧ, ಕರುಳಿನ ತೊಂದರೆಯಿರುವ ಬೆಕ್ಕಿನಲ್ಲಿ ಹಸಿವು ತಾನಾಗಿ ಮರಳುವಷ್ಟು ವ್ಯತ್ಯಾಸ ಮಾಡುತ್ತದೆ.

ಊಟದ ಸಾಮಾನಿನಲ್ಲಿ ಮೊದಲು ಒಂದು ಲೆಕ್ಕ. ನಾಲ್ಕು ಕಿಲೋ ಬೆಕ್ಕಿಗೆ ಮಲಗಿಯೇ ಇದ್ದರೂ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ ಬೇಕು. ಹಿಲ್ಸ್ ಎ/ಡಿಯ 156 ಗ್ರಾಂ ಟಿನ್ನಿನಲ್ಲಿ ಸುಮಾರು 180 ಇದೆ, ಅಂದರೆ ಒಂದು ಟಿನ್ನು ಹೆಚ್ಚುಕಡಿಮೆ ಒಂದು ದಿನದ ಊಟ. ರಾಯಲ್ ಕ್ಯಾನಿನ್ ರಿಕವರಿಯ 195 ಗ್ರಾಂ ಟಿನ್ನೂ ಅದೇ ಕೆಲಸ ಮಾಡುತ್ತದೆ. ಎರಡೂ ಮೃದು, ಪಿಷ್ಟ ಕಡಿಮೆ, ಸ್ವಲ್ಪ ಬೆಚ್ಚನೆ ನೀರು ಸೇರಿಸಿದರೆ ಸಿರಿಂಜಿನಲ್ಲೂ ಸಾಗುತ್ತವೆ. ಇನಾಬಾ ಚುರುವಿನಂಥ ಕ್ರೀಮಿ ಟ್ಯೂಬಿನಲ್ಲಿ 14 ಗ್ರಾಂಗೆ ಸುಮಾರು 6 ಕಿಲೋಕ್ಯಾಲರಿ. ಅದರಿಂದಲೇ ಹೊಟ್ಟೆ ತುಂಬಿಸಹೊರಟರೆ ದಿನಕ್ಕೆ ಮೂವತ್ತಕ್ಕಿಂತ ಹೆಚ್ಚು ಟ್ಯೂಬು. ಬೆಕ್ಕು ಚುರು ನೆಕ್ಕಿತು, ಇನ್ನು ಪರವಾಗಿಲ್ಲ ಎಂದು ನೆಮ್ಮದಿಯಿಂದ ಮಲಗುವವರು ಇದನ್ನು ಗಮನಿಸಬೇಕು. ಟ್ಯೂಬು ಒಲೆ ಹಚ್ಚುವ ಕಡ್ಡಿ, ಸೌದೆಯಲ್ಲ. ಟಿನ್ನಿನ ಊಟದ ಮೇಲೆ ಒಂದು ಗೆರೆ ಎಳೆಯಲು, ಮೂಗಿನ ತುದಿಗೆ ಒಂದು ಚುಕ್ಕೆ ಇಡಲು ಬಳಸಿದರೆ ಅದರಂಥ ಸಾಮಾನಿಲ್ಲ. ಎನರ್ಜಿ ಜೆಲ್ಲುಗಳ ಲೇಬಲ್ ತಿರುಗಿಸಿ ನೋಡಿ: ಮಾಲ್ಟ್ ಸಿರಪ್, ಕಾರ್ನ್ ಸಿರಪ್ ಅಥವಾ ಕಾಕಂಬಿ ಮೊದಲ ಸಾಲುಗಳಲ್ಲೇ ಇದ್ದರೆ ಅಂಗಡಿಯಲ್ಲೇ ಬಿಟ್ಟುಬನ್ನಿ.

ಒದ್ದೆ ಊಟದ ಪೌಚುಗಳ ಪಿಷ್ಟವನ್ನು ಲೇಬಲ್ಲಿನಿಂದಲೇ ಹೊರತೆಗೆಯಬಹುದು. ಪ್ರೋಟೀನ್, ಕೊಬ್ಬು, ನಾರು, ತೇವಾಂಶ, ಬೂದಿ (ಲೇಬಲ್ಲಿನಲ್ಲಿ ash, ಅಂದರೆ ಖನಿಜಾಂಶ) ಇಷ್ಟನ್ನೂ ಕೂಡಿ ನೂರರಿಂದ ಕಳೆಯಿರಿ. ಬೂದಿ ಬರೆದಿಲ್ಲದಿದ್ದರೆ ಒದ್ದೆ ಊಟಕ್ಕೆ 2, ಒಣ ಕಾಳಿಗೆ 8 ಎಂದು ಹಿಡಿಯಿರಿ. ಪ್ರೋಟೀನ್ 9, ಕೊಬ್ಬು 5, ನಾರು 1, ತೇವ 80 ಇರುವ ಪೌಚಿನಲ್ಲಿ ಉಳಿಯುವುದು 3 ಗ್ರಾಂ. ಶಕ್ತಿಯ ಲೆಕ್ಕದಲ್ಲಿ ಸುಮಾರು 12%. ಪ್ರೋಟೀನ್ 30, ಕೊಬ್ಬು 10, ನಾರು 5, ತೇವ 10 ಇರುವ ಒಣ ಕಾಳಿನಲ್ಲಿ 37 ಗ್ರಾಂ, ಶಕ್ತಿಯ 40%. ಒಂದೇ ಬ್ರಾಂಡಿನಲ್ಲಿ ಗ್ರೇವಿಗಿಂತ ನುಣ್ಣಗೆ ಅರೆದ ಪೇಟ್, ಮೂಸ್ ಬಗೆಯಲ್ಲಿ ಪಿಷ್ಟ ಸಾಮಾನ್ಯವಾಗಿ ಕಡಿಮೆ, ಗ್ರೇವಿ ಗಟ್ಟಿಯಾಗುವುದೇ ಪಿಷ್ಟದಿಂದ. ಇಷ್ಟು ಹೇಳಿದರೂ, ಊಟ ಬಿಟ್ಟ ಬೆಕ್ಕು ಒಣ ಕಾಳನ್ನೇ ತಿನ್ನುತ್ತೇನೆ ಎಂದರೆ ಇವತ್ತಿಗೆ ಅದನ್ನೇ ಕೊಡಿ. ಮೊದಲು ಹೊಟ್ಟೆ, ಪಥ್ಯ ಆಮೇಲೆ. ಎರಡು ಮೂರು ದಿನದ ಉಪವಾಸದಲ್ಲೇ, ಅದರಲ್ಲೂ ದಪ್ಪ ಬೆಕ್ಕಿನಲ್ಲಿ, ಪಿತ್ತಜನಕಾಂಗಕ್ಕೆ ಕೊಬ್ಬು ತುಂಬಿ ಕಾಮಾಲೆ ಬರುತ್ತದೆ. ಹಾಗಾದರೆ ಚೇತರಿಕೆಗೆ ವಾರಗಳು ಹಿಡಿಯುತ್ತವೆ. ಸಕ್ಕರೆ ಬೆಕ್ಕು ಒಂದು ಇಡೀ ದಿನ ಏನೂ ತಿನ್ನದಿದ್ದರೆ ಡಾಕ್ಟರನ್ನು ಕಾಣಲು ಅದೇ ಕೊನೆಯ ಗಡುವು. ಕಾಳಿನಿಂದ ಟಿನ್ನಿಗೆ ಬದಲಾಯಿಸಿದಾಗ ಇನ್ಸುಲಿನ್ ಬೇಕಾಗುವ ಪ್ರಮಾಣ ಥಟ್ಟನೆ ಇಳಿಯಬಹುದು. ಮೊದಲಿನ ಡೋಸನ್ನೇ ಮುಂದುವರಿಸಿದರೆ ಸಕ್ಕರೆ ಕುಸಿಯುತ್ತದೆ. ಗ್ಲೂಕೋಮೀಟರಿನಲ್ಲಿ 60ಕ್ಕಿಂತ ಕೆಳಗೆ ಬಂದರೆ ಅಥವಾ ಬೆಕ್ಕು ತೂರಾಡಿದರೆ ಜೇನು ಅಥವಾ ಗ್ಲುಕಾನ್-ಡಿ ಕಲಸಿ ವಸಡಿಗೆ ಉಜ್ಜಿ, ಆಸ್ಪತ್ರೆಗೆ ಹೊರಡಿ.

ಮನೆಯ ಅಡುಗೆಯಲ್ಲಿ ಬೇಯಿಸಿದ ಕೋಳಿ ಎದೆ, ಮುಳ್ಳು ತೆಗೆದ ಬೂತಾಯಿ ಅಥವಾ ಬಂಗುಡೆ, ಬೇಯಿಸಿದ ನೀರಿನ ಸಮೇತ ಕೊಡಬಹುದು. ನಾಲ್ಕೈದು ದಿನಕ್ಕೆ ಮಾತ್ರ; ಸುಣ್ಣದ ಅಂಶ ಮತ್ತು ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಕೊರತೆಯಾಗುವುದರಿಂದ ಅದೇ ಪೂರ್ತಿ ಊಟವಾಗಬಾರದು. ಸಾರಿಗೆಂದು ಬೇಯಿಸಿದ ಕೋಳಿಯನ್ನು ತೊಳೆದು ಕೊಡುವುದು ಬೇಡ. ಈರುಳ್ಳಿ ಬೆಳ್ಳುಳ್ಳಿ ತೊಳೆದರೆ ಹೋಗುವುದಿಲ್ಲ, ಬೆಕ್ಕಿನ ಕೆಂಪು ರಕ್ತಕಣವನ್ನು ಅವು ಒಡೆಯುತ್ತವೆ, ಸಕ್ಕರೆ ಬೆಕ್ಕಿನಲ್ಲಿ ಆ ಕಣಗಳು ಮೊದಲೇ ದುರ್ಬಲ. ಹಾಲನ್ನ, ಮೊಸರನ್ನ ತಿಂದು ಬೆಳೆದ ಮುದಿ ಬೆಕ್ಕು ಅದನ್ನೇ ಬೇಡುತ್ತದೆ. ಅನ್ನ ಬಿಟ್ಟು ಒಂದು ಚಮಚ ಮೊಸರನ್ನು ಕೋಳಿಯ ಮೇಲೆ ಹಾಕಿ ನೋಡಿ, ಎಷ್ಟೋ ಸಲ ಆ ವಾಸನೆಯೇ ಸಾಕು.

ಬಡಿಸುವ ಬಗೆಗೆ ದುಡ್ಡು ಬೇಡ. ಊಟವನ್ನು ಬಟ್ಟಲ ಸಮೇತ ಬಿಸಿನೀರಿನಲ್ಲಿ ಇಟ್ಟು ಮೈ ಬಿಸಿಗೆ, ಅಂದರೆ 38 ಡಿಗ್ರಿಯ ಆಸುಪಾಸಿಗೆ ತನ್ನಿ. ಮುದಿ ಮೂಗಿಗೆ ತಣ್ಣನೆಯ ಊಟದ ವಾಸನೆ ತಲುಪುವುದೇ ಇಲ್ಲ. ಆಳವಾದ ಬಟ್ಟಲಿನ ಬದಲು ಚಪ್ಪಟೆ ಸಾಸರ್, ಕಾಲು ನೋವಿದ್ದರೆ ಅದರ ಕೆಳಗೆ ಒಂದು ಅಡ್ಡ ಇಟ್ಟಿಗೆ. ಒಂದು ಸಲಕ್ಕೆ ಒಂದು ಚಮಚ. ಇಪ್ಪತ್ತು ನಿಮಿಷದಲ್ಲಿ ತಿನ್ನದಿದ್ದರೆ ತೆಗೆದುಬಿಡಿ. ಆರು ತಟ್ಟೆಯಲ್ಲಿ ಆರು ಬಗೆ ಸುತ್ತಲೂ ಇಟ್ಟರೆ ವಾಕರಿಕೆಯ ಬೆಕ್ಕಿಗೆ ಆರರ ಮೇಲೂ ಅಸಹ್ಯ ಹುಟ್ಟುತ್ತದೆ.

ಸಿರಿಂಜಿನಿಂದ ತಿನ್ನಿಸುವುದಕ್ಕೆ ಅರ್ಧ ಅಂಕ ಮಾತ್ರ. 5 ಮಿ.ಲೀ. ಸಿರಿಂಜು, ಕೋರೆಹಲ್ಲಿನ ಹಿಂದಿನ ಸಂದಿಯಿಂದ, ಸಲಕ್ಕೆ ಅರ್ಧದಿಂದ ಒಂದು ಮಿ.ಲೀ., ನುಂಗಿದ ಮೇಲೆ ಮುಂದಿನದು. ತಲೆ ಹಿಂದಕ್ಕೆ ಬಾಗಿಸಬಾರದು. ಊಟ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಬೆಕ್ಕು ಒದ್ದಾಡಿದರೆ ನಿಲ್ಲಿಸಿ, ಬಲವಂತದ ಊಟವೂ ಊಟದ ಮೇಲೆ ದ್ವೇಷ ಹುಟ್ಟಿಸುತ್ತದೆ. ಎರಡು ದಿನದಲ್ಲಿ ಸುಧಾರಿಸದಿದ್ದರೆ ಕುತ್ತಿಗೆಯ ಪಕ್ಕದಿಂದ ಅನ್ನನಾಳಕ್ಕೆ ಹಾಕುವ ಟ್ಯೂಬಿನ ಬಗ್ಗೆ ಕೇಳಿ. ಹೆಸರು ಕೇಳಿ ಬೆದರುವವರೇ ಹೆಚ್ಚು, ಆದರೆ ಊಟ, ನೀರು, ಮಾತ್ರೆ ಮೂರೂ ಜಗಳವಿಲ್ಲದೆ ಒಳಗೆ ಹೋಗುತ್ತವೆ, ಟ್ಯೂಬಿರುವಾಗಲೇ ಬೆಕ್ಕು ಬಾಯಿಂದಲೂ ತಿನ್ನಬಹುದು. ಅರಿವಳಿಕೆ ಬೇಕು, ಅದೊಂದೇ ಮುದಿ ಬೆಕ್ಕಿನಲ್ಲಿ ಯೋಚಿಸಬೇಕಾದ ವಿಷಯ. ನಿಮ್ಮ ಊರಿನ ಕ್ಲಿನಿಕ್ಕಿನಲ್ಲಿ ಮಾಡದಿದ್ದರೆ ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ನ ಪಶುವೈದ್ಯಕೀಯ ಕಾಲೇಜುಗಳಲ್ಲಿ ವಿಚಾರಿಸಿ. ಟ್ಯೂಬಾಗಲಿ ತಟ್ಟೆಯಾಗಲಿ, ಹಲವು ದಿನ ಉಪವಾಸವಿದ್ದ ಬೆಕ್ಕಿಗೆ ಮೊದಲ ದಿನವೇ 200 ಕಿಲೋಕ್ಯಾಲರಿ ತುಂಬಬೇಡಿ. ಮೊದಲ ದಿನ ಕಾಲು ಭಾಗದಿಂದ ಮೂರನೇ ಒಂದು, ಮರುದಿನ ಅರ್ಧದಿಂದ ಮೂರನೇ ಎರಡು, ಮೂರು ನಾಲ್ಕನೆಯ ದಿನಕ್ಕೆ ಪೂರ್ತಿ. ಒಮ್ಮೆಲೇ ಊಟವೂ ಇನ್ಸುಲಿನ್ನೂ ಸಿಕ್ಕಾಗ ರಕ್ತದ ರಂಜಕ (ಫಾಸ್ಫರಸ್), ಪೊಟ್ಯಾಶಿಯಂ ಜೀವಕೋಶಗಳೊಳಗೆ ನುಗ್ಗಿ ರಕ್ತದಲ್ಲಿ ಕುಸಿಯುತ್ತವೆ. ಕುತ್ತಿಗೆ ಎತ್ತಲಾಗದೆ ಜೋತುಬಿದ್ದರೆ ಅದೇ ಲಕ್ಷಣ.

ಕೊನೆಯದಾಗಿ ಒಂದು ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ. ಬಡಿಸುವ ಮೊದಲೊಮ್ಮೆ, ತೆಗೆದ ಮೇಲೊಮ್ಮೆ ತಟ್ಟೆ ತೂಗಿ ಬರೆದಿಡಿ. ‘ಸ್ವಲ್ಪ ತಿಂದಿತು’ ಎಂಬ ಮಾತಿನಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ, ‘ಬೆಳಿಗ್ಗೆ 40ರಲ್ಲಿ 12 ಗ್ರಾಂ’ ಎಂದರೆ ಇನ್ಸುಲಿನ್ ಎಷ್ಟೆಂದು ಹೇಳಬಲ್ಲರು. ಮೂರು ದಿನ ಸತತವಾಗಿ ಮುಕ್ಕಾಲು ಊಟ ತಾನಾಗಿ ಒಳಗೆ ಹೋಯಿತೆಂದರೆ ಡಾಕ್ಟರನ್ನು ಕೇಳಿ ಮಿರ್ಟಾಜಪಿನ್ ಅಂತರ ಹೆಚ್ಚಿಸುತ್ತ ಬನ್ನಿ. ತೆರೆದ ಟಿನ್ನನ್ನು ಗಾಜಿನ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಬರುತ್ತದೆ. ಮೂರನೆಯ ದಿನದ್ದನ್ನು ನಿಮ್ಮ ಮೂಗು ಸರಿ ಎಂದರೂ ಬೆಕ್ಕಿನ ಮೂಗು ಒಪ್ಪುವುದಿಲ್ಲ.